ಬ್ರ್ಯಾಡನ್ನಳ ‘ಲೇಡಿ ಆಡ್ಲೀಸ್ ಸೀಕ್ರೆಟ್’ ಮತ್ತು ವಿಕ್ಟೋರಿಯಾ ಯುಗದ ಪತ್ರಿಕಾ ಕಾದಂಬರಿ

ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಯನ್ನು ವಿವೇಚಿಸುವ ಸಾಹಿತ್ಯ ಚರಿತ್ರೆಗಳು ಡಿಕನ್ಸ್, ಥ್ಯಾಕರೆ, ಜಾರ್ಜ್ ಎಲಿಯಟ್ ಮೊದಲಾದವರಿಗೆ ಅಧ್ಯಾಯಗಳನ್ನೇ ಮೀಸಲಿಟ್ಟು, ಅದೇ ಕಾಲದಲ್ಲಿ ಲಕ್ಷಾಂತರ ಜನ ವಾರವಾರವೂ ಕಾದಿದ್ದು ಓದುತ್ತಿದ್ದ ಪತ್ರಿಕಾ ಕಥೆಗಳನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದು ಬಹುಕಾಲದ ವಾಡಿಕೆ. ಹೀಗೆ ಮುಗಿಸುವಾಗ ಬಳಸುವ ಮಾತು ‘ಲಘು ಸಾಹಿತ್ಯ’ ಎಂಬುದು. ಈ ಲಘುತ್ವ ಕಥೆಯ ಗುಣವೋ, ಅದು ಅಚ್ಚಾದ ಕಾಗದದ ಬೆಲೆಯೋ ಎಂಬ ಪ್ರಶ್ನೆಯನ್ನು ಕೇಳಿದವರು ಕಡಮೆ. ಸ್ಥಾಲೀಪುಲಾಕನ್ಯಾಯದಿಂದ ಒಂದೇ ಕೃತಿಯನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ. ಮೇರಿ ಎಲಿಜಬೆತ್ ಬ್ರ್ಯಾಡನ್ (1835–1915) ಬರೆದ ‘ಲೇಡಿ ಆಡ್ಲೀಸ್ ಸೀಕ್ರೆಟ್’ ಎಂಬುದೇ ಆ ಕೃತಿ.

ಮೊದಲು ಅಂದಿನ ಪೇಟೆಯ ಸ್ಥಿತಿಯನ್ನು ಸ್ವಲ್ಪ ತಿಳಿದಿರಬೇಕು. ಹೊಸ ಕಾದಂಬರಿಯೊಂದು ಮರ್ಯಾದಸ್ಥ ರೂಪದಲ್ಲಿ ಹೊರಬರುವುದೆಂದರೆ ಮೂರು ಸಂಪುಟಗಳಲ್ಲಿ, 31 ಷಿಲಿಂಗ್ 6 ಪೆನ್ಸ್ ಬೆಲೆಗೆ ಹೊರಬರುವುದು ಎಂದರ್ಥ. ಇದನ್ನು ಕೊಂಡು ಓದುವವರು ಅಪರೂಪ. ವರ್ಷಕ್ಕೆ ಒಂದು ಗಿನಿ ಚಂದಾ ತೆತ್ತು ಲಂಡನ್ನಿನ ಮ್ಯೂಡಿಯ ಗ್ರಂಥಾಲಯದಿಂದ ಎರವಲು ತರುವುದು ಮಧ್ಯಮ ವರ್ಗದವರ ಪದ್ಧತಿ. ಆ ಗಿನಿಯೂ ಇಲ್ಲದವರಿಗೆ ‘ಲಂಡನ್ ಜರ್ನಲ್’, ‘ಫ್ಯಾಮಿಲಿ ಹೆರಾಲ್ಡ್’ ಮೊದಲಾದ ಒಂದು ಪೆನ್ನಿಯ ವಾರಪತ್ರಿಕೆಗಳಿದ್ದವು. 1855ರಲ್ಲಿ ಪತ್ರಿಕೆಗಳ ಮುದ್ರಾಂಕ ತೆರಿಗೆಯೂ 1861ರಲ್ಲಿ ಕಾಗದದ ಸುಂಕವೂ ರದ್ದಾದ ಮೇಲೆ ಇಂಥ ಅಗ್ಗದ ಮುದ್ರಣಕ್ಕೆ ಇನ್ನಷ್ಟು ಅನುಕೂಲವಾಯಿತು. ವಿಲ್ಕಿ ಕಾಲಿನ್ಸ್ 1858ರಲ್ಲಿ ಡಿಕನ್ಸನ ‘ಹೌಸ್‌ಹೋಲ್ಡ್ ವರ್ಡ್ಸ್’ನಲ್ಲಿ ಬರೆದ ಲೇಖನವೊಂದರಲ್ಲಿ ಈ ಪತ್ರಿಕೆಗಳ ಓದುಗರು ಮೂವತ್ತು ಲಕ್ಷವಿರಬಹುದೆಂದು ಅಂದಾಜು ಮಾಡಿ, ಸಾಹಿತ್ಯ ಲೋಕಕ್ಕೆ ಇವರ ಪರಿಚಯವೇ ಇಲ್ಲವೆಂದು ಬೆರಗಾದನು. ಕಂಡರಿಯದ ಖಂಡವೊಂದನ್ನು ಕಂಡು ಬಂದ ನಾವಿಕನ ಧಾಟಿ ಆ ಲೇಖನದ್ದು. ಆ ಖಂಡದ ನಿವಾಸಿಗಳು ತಾವು ಅಜ್ಞಾತರೆಂದು ಭಾವಿಸಿರಲಿಲ್ಲವೆಂಬುದು ಬೇರೆ ಮಾತು. (ಈ ವರ್ಗದ ಲೇಖಕರಲ್ಲಿ ಅಗ್ರಗಣ್ಯನಾದ ಜಿ. ಡಬ್ಲ್ಯು. ಎಂ. ರೆನಾಲ್ಡ್ಸ್ ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಅತ್ಯಂತ ಜನಪ್ರಿಯನಾಗಿದ್ದ ಇಂಗ್ಲಿಷ್ ಕಾದಂಬರಿಕಾರರಲ್ಲೊಬ್ಬನೆಂಬುದನ್ನು ಪ್ರಿಯಾ ಜೋಶಿಯವರು 2002ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿಕೊಟ್ಟಿದೆ. ನಮ್ಮ ಪಠ್ಯಕ್ರಮಗಳು ಡಿಕನ್ಸನನ್ನು ಆರಿಸಿಕೊಂಡವು. ನಮ್ಮ ಹಿರಿಯರು ರೆನಾಲ್ಡ್ಸನನ್ನು ಆರಿಸಿಕೊಂಡಿದ್ದರು.)

ಬ್ರ್ಯಾಡನ್ನಳ ಕಥೆ ಈ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದ ಕಥೆ. 1861ರ ಜುಲೈಯಲ್ಲಿ ‘ರಾಬಿನ್ ಗುಡ್‌ಫೆಲೋ’ ಎಂಬ ಹೊಸ ವಾರಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಆರಂಭವಾಯಿತು. ಸೆಪ್ಟೆಂಬರಿನ ಹೊತ್ತಿಗೆ ಪತ್ರಿಕೆ ನಿಂತುಹೋಗಿ ಕಥೆ ನಡುದಾರಿಯಲ್ಲಿ ಉಳಿಯಿತು. ಮರುವರ್ಷ ‘ಸಿಕ್ಸ್‌ಪೆನ್ನಿ ಮ್ಯಾಗಜೀನ್’ನಲ್ಲಿ ಅದು ಪೂರ್ಣಗೊಂಡಿತು. 1862ರ ಅಕ್ಟೋಬರಿನಲ್ಲಿ ಟಿನ್ಸ್‌ಲಿ ಸಹೋದರರು ಮೂರು ಸಂಪುಟಗಳಲ್ಲಿ ಪ್ರಕಟಿಸಿದಾಗ ಅದಕ್ಕೆ ಒಂದರ ಮೇಲೊಂದು ಮುದ್ರಣ ಬೇಕಾಯಿತು. ಬಂದ ಲಾಭದಲ್ಲಿ ಪ್ರಕಾಶಕನು ಮನೆಯೊಂದನ್ನು ಕಟ್ಟಿಸಿ ‘ಆಡ್ಲಿ ಲಾಡ್ಜ್’ ಎಂದು ಹೆಸರಿಟ್ಟನು. ಮುಂದೆ 1863ರಲ್ಲಿ ಅದೇ ಕಥೆ ಒಂದು ಪೆನ್ನಿಯ ‘ಲಂಡನ್ ಜರ್ನಲ್’ನಲ್ಲಿ ಮತ್ತೆ ವಾರವಾರವೂ ಅಚ್ಚಾಯಿತು. ಹೀಗೆ ಸುಮಾರು ಎರಡು ವರ್ಷಗಳ ಅವಧಿಯಲ್ಲಿ ಒಂದೇ ಕಥೆ ಯಜಮಾನಿಯ ಕೈಯಲ್ಲಿ ‘ಕಾದಂಬರಿ’ಯಾಗಿಯೂ ಅವಳ ದಾಸಿಯ ಕೈಯಲ್ಲಿ ‘ಪೆನ್ನಿ ಕಥೆ’ಯಾಗಿಯೂ ಇತ್ತು.

ವಿಮರ್ಶಕರನ್ನು ಕೆರಳಿಸಿದ್ದು ಇದೇ ಎಂದು ನಮ್ಮ ಮತ. ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಹೆನ್ರಿ ಮ್ಯಾನ್ಸೆಲ್ 1863ರಲ್ಲಿ ‘ಕ್ವಾರ್ಟರ್ಲಿ ರಿವ್ಯೂ’ನಲ್ಲಿ ಈ ಬಗೆಯ ರೋಮಾಂಚಕ ಕಾದಂಬರಿಗಳನ್ನು ಪತ್ರಿಕೆ, ಸಂಚಾರಿ ಗ್ರಂಥಾಲಯ, ರೈಲ್ವೆ ಪುಸ್ತಕದಂಗಡಿಗಳು ಹುಟ್ಟಿಸಿದ ಸರಕೆಂದು ಕರೆದನು. 1865ರಲ್ಲಿ ಫ್ರೇಸರ್ ರೇ ಎಂಬವನು, ಅಡುಗೆಮನೆಯವರ ಓದನ್ನು ದಿವಾನಖಾನೆಗೆ ತಂದದ್ದೇ ಬ್ರ್ಯಾಡನ್ನಳ ಸಾಧನೆಯೆಂದು ಹಂಗಿಸಿದನು. ಶ್ರೀಮತಿ ಆಲಿಫೆಂಟ್ 1867ರಲ್ಲಿ ‘ಬ್ಲ್ಯಾಕ್‌ವುಡ್ಸ್’ನಲ್ಲಿ ಇನ್ನೂ ಕಟುವಾಗಿ ಬರೆದಳು, ಸಂಸಾರವನ್ನು ಸಾಕುವುದಕ್ಕಾಗಿ ಬಿಡುವಿಲ್ಲದೆ ಕಾದಂಬರಿ ಬರೆದ ಆಕೆಗೂ ಪೇಟೆಯ ಬಿಸಿ ತಿಳಿಯದ್ದಲ್ಲ. ಇವರು ಎತ್ತಿದ ನೀತಿಯ ಆಕ್ಷೇಪಗಳು ಪ್ರಾಮಾಣಿಕವಾಗಿಯೇ ಇದ್ದಿರಬಹುದು. ಆದರೆ ದ್ವಿಪತಿತ್ವ, ಕೊಲೆಯ ಯತ್ನ, ಮನೆಗೆ ಬೆಂಕಿ ಇವು ಪೆನ್ನಿ ಪತ್ರಿಕೆಗಳಲ್ಲಿ ಎಷ್ಟೋ ವರ್ಷಗಳಿಂದ ನಡೆದೇ ಇದ್ದವು. ಅವು ಮೆಟ್ಟಿಲು ಹತ್ತಿ ಬಂದಾಗ ಮಾತ್ರ ಅಪಾಯವಾಗಿ ಕಂಡವು.

ಇನ್ನು ಕಥೆಯನ್ನೇ ನೋಡೋಣ. ಅದರ ವಸ್ತುವೂ ಮೆಟ್ಟಿಲು ಹತ್ತುವುದೇ. ಅರ್ಧವೇತನದ ನೌಕಾಧಿಕಾರಿಯಾದ ಕುಡುಕನ ಮಗಳು ಹೆಲೆನ್. ಅವಳ ಗಂಡ ಜಾರ್ಜ್ ಟಾಲ್‌ಬಾಯ್ಸ್ ಕೈಯಲ್ಲಿ ಕಾಸಿಲ್ಲದೆ, ಹೆಂಡತಿಗೆ ಮುಖತಃ ಹೇಳದೆ, ಚೀಟಿಯೊಂದನ್ನು ಬರೆದಿಟ್ಟು ಚಿನ್ನವನ್ನರಸಿ ಆಸ್ಟ್ರೇಲಿಯಕ್ಕೆ ಹೊರಟುಹೋಗುತ್ತಾನೆ. ಅವಳು ಲೂಸಿ ಗ್ರಹಾಂ ಎಂಬ ಹೆಸರಿಟ್ಟುಕೊಂಡು ಎಸೆಕ್ಸ್ ಪ್ರಾಂತದ ವೈದ್ಯನೊಬ್ಬನ ಮನೆಯಲ್ಲಿ ಮಕ್ಕಳ ಶಿಕ್ಷಕಿಯಾಗುತ್ತಾಳೆ. ಐವತ್ತಾರು ವರ್ಷದ ವಿಧುರ ಸರ್ ಮೈಕೇಲ್ ಆಡ್ಲಿ ಅವಳನ್ನು ಕೈಹಿಡಿಯಲು ಬೇಡುವ ಸನ್ನಿವೇಶ ಮೊದಲನೆಯ ಅಧ್ಯಾಯದಲ್ಲಿಯೇ ಇದೆ. ಇದು ಈ ಕೃತಿಯ ಅತ್ಯುತ್ತಮ ಭಾಗ. ಲಘು ಪ್ರಣಯಕಥೆಯ ಸಂಪ್ರದಾಯದಂತೆ ಇಲ್ಲಿ ಲಜ್ಜೆ, ಆನಂದಬಾಷ್ಪ, ಸಮ್ಮತಿ ಬರಬೇಕು. ಬ್ರ್ಯಾಡನ್ನಳ ನಾಯಿಕೆಯಾದರೋ ತನ್ನ ಬಡತನವನ್ನು ಹೇಳಿಕೊಳ್ಳುತ್ತಾಳೆ. ಸ್ವಾರ್ಥವಿಲ್ಲದ ಪ್ರೇಮವನ್ನು ತನ್ನಿಂದ ಬಯಸಬಾರದು, ಇಂಥ ಸಂಬಂಧದ ಲಾಭಕ್ಕೆ ತಾನು ಕುರುಡಾಗಿರಲಾರೆ ಎಂದು ತಿಳಿಸುತ್ತಾಳೆ. ಮುದುಕನು ಒಪ್ಪುತ್ತಾನೆ, ಆದರೆ ಗೆದ್ದ ಸಂತೋಷದ ಬದಲು ಎದೆಯಲ್ಲಿ ಏನೋ ಭಾರವನ್ನು ಹೊತ್ತು ಹಿಂದಿರುಗುತ್ತಾನೆ. ಅವಳು ತನ್ನ ಕೋಣೆಯಲ್ಲಿ ಒಬ್ಬಳೇ ಕುಳಿತು ಕೊರಳಿನ ಕಪ್ಪು ಪಟ್ಟಿಗೆ ಕಟ್ಟಿಕೊಂಡ ಉಂಗುರವನ್ನು ನೋಡುವುದರೊಂದಿಗೆ ಅಧ್ಯಾಯ ಮುಗಿಯುತ್ತದೆ. ಮುಂದಿನ ಸಂಚಿಕೆಯನ್ನು ಕೊಳ್ಳುವಂತೆ ಮಾಡುವ ಧಾರಾವಾಹಿಯ ಕೊಕ್ಕೆ ಈ ಉಂಗುರ. ಆ ಹೆಂಗಸಿನ ಭೀತಿಯೆಲ್ಲ ಅಡಗಿರುವುದೂ ಅದರಲ್ಲಿಯೇ. ಪೇಟೆಯ ಅವಶ್ಯಕತೆಯೂ ಕಲೆಯ ಅವಶ್ಯಕತೆಯೂ ಇಲ್ಲಿ ಬೇರೆಬೇರೆಯಾಗಿಲ್ಲ.

ಲೇಡಿ ಆಡ್ಲಿಯ ರಹಸ್ಯವೇನು? ತಾಯಿಯಿಂದ ಬಂದ ಹುಚ್ಚು ತನ್ನಲ್ಲಿದೆಯೆಂದು ಅವಳೇ ಕೊನೆಗೆ ಹೇಳುತ್ತಾಳೆ. ಎಲೇನ್ ಷೋವಾಲ್ಟರ್ 1977ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಅವಳ ನಿಜವಾದ ಗುಟ್ಟು ಅವಳಿಗೆ ಹುಚ್ಚಿಲ್ಲ ಎಂಬುದೇ ಎಂದು ವಾದಿಸಿದರು. ಈ ವಾದಕ್ಕೆ ಕೃತಿಯಲ್ಲಿ ಬಲವಾದ ಆಧಾರವಿದೆ. ಪರೀಕ್ಷಿಸಲು ಬಂದ ಡಾಕ್ಟರ್ ಮೊಸ್‌ಗ್ರೇವ್ ಮೊದಲು ಕೊಡುವ ಅಭಿಪ್ರಾಯ ಸ್ಪಷ್ಟ: ಸುಖವಿಲ್ಲದ ಮನೆಯನ್ನು ಬಿಟ್ಟು ಮೇಲಾದ ಮನೆಯನ್ನು ಅರಸಿದ್ದರಲ್ಲಿ ಹುಚ್ಚೇನೂ ಇಲ್ಲ, ಎರಡನೆಯ ಮದುವೆಯಿಂದ ಅವಳಿಗೆ ಸಂಪತ್ತು ದೊರೆಯಿತು, ಅದರಲ್ಲಿಯೂ ಇಲ್ಲ. ಜಾರ್ಜ್ ಕಾಣೆಯಾದ ಸಂಗತಿ ತಿಳಿದು, ಅವಳೊಡನೆ ಮಾತನಾಡಿದ ಮೇಲೆಯೇ ಸುಪ್ತವಾದ ಉನ್ಮಾದದ ಮಾತು ಬರುವುದು. ಆಗಲೂ ವೈದ್ಯನು ಒತ್ತಿ ಹೇಳುವುದು ಅವಳು ಅಪಾಯಕಾರಿ ಎಂಬುದನ್ನು. ಅವಳನ್ನು ಬೆಲ್ಜಿಯಂನ ಹುಚ್ಚರ ಆಸ್ಪತ್ರೆಗೆ ಸಾಗಿಸಿ ಆಡ್ಲಿ ಮನೆತನದ ಮಾನವನ್ನು ಉಳಿಸಿಕೊಳ್ಳಲಾಗುತ್ತದೆ. ಷೋವಾಲ್ಟರ್ ಅವರ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಅದಕ್ಕೆ ಒಂದು ಮಾತನ್ನು ಸೇರಿಸಬೇಕು. ಈ ಹೆಂಗಸನ್ನು ನಡೆಸುವುದು ಮತ್ತೆ ಕೂಲಿಯ ಬಾಳಿಗೆ ಜಾರಿಬಿದ್ದೇನೆಂಬ ಭಯ. ಪೆನ್ನಿ ಪತ್ರಿಕೆಯ ಓದುಗಳಿಗೆ ಈ ಭಯವನ್ನು ಯಾವ ಡಾಕ್ಟರನೂ ವಿವರಿಸಬೇಕಾಗಿರಲಿಲ್ಲ.

ಇಷ್ಟು ಹೇಳಿದುದರಿಂದ ಕೃತಿಯ ದೋಷಗಳನ್ನು ಮರೆಯಬೇಕಾಗಿಲ್ಲ. ಫ್ರೆಂಚ್ ಕಾದಂಬರಿಗಳನ್ನೋದುತ್ತ ಚುಟ್ಟ ಸೇದುತ್ತ ಕಾಲ ಕಳೆಯುತ್ತಿದ್ದ ಬ್ಯಾರಿಸ್ಟರ್ ರಾಬರ್ಟ್ ಆಡ್ಲಿ ಪತ್ತೇದಾರನಾಗಿ, ಧರ್ಮದಂಡ ಹಿಡಿದವನಾಗಿ ಮಾರ್ಪಡುವುದು ನಂಬುವಂತಿಲ್ಲ. ಸಾಕ್ಷ್ಯದ ಕೊಂಡಿಗಳನ್ನು ಅವನು ಎಣಿಸಿ ಎಣಿಸಿ ಹೇಳುವುದು ಬೇಸರ ತರುತ್ತದೆ. ಕಳೆದ ಸಂಚಿಕೆಯನ್ನು ಮರೆತ ಓದುಗನಿಗೆ ಈ ಪುನರುಕ್ತಿ ಬೇಕಿತ್ತು, ಮೂರು ಸಂಪುಟಗಳನ್ನು ತುಂಬಿಸಲೂ ಅದು ಒದಗಿತು. ಹಾಗೆಂದು ಪುನರುಕ್ತಿಗೆ ಔಚಿತ್ಯ ಬಂದುಬಿಡುವುದಿಲ್ಲ. ಬಾವಿಗೆ ತಳ್ಳಲ್ಪಟ್ಟ ಜಾರ್ಜ್ ಸಾಯದೆ ಅಮೆರಿಕಕ್ಕೆ ಹೋಗಿ ಹಿಂದಿರುಗುವುದು ಕೇವಲ ಓದುಗರ ಸಮಾಧಾನಕ್ಕೆ.

ತನ್ನ ಕಸುಬಿನ ಈ ಇಕ್ಕಟ್ಟುಗಳು ಬ್ರ್ಯಾಡನ್ನಳಿಗೆ ತಿಳಿಯದಿರಲಿಲ್ಲ. ಲೇಡಿ ಆಡ್ಲಿಯ ಕಥೆಯನ್ನು ಬರೆಯುತ್ತಿದ್ದ ದಿನಗಳಲ್ಲಿಯೇ ಅವಳು ‘ಹಾಫ್‌ಪೆನ್ನಿ ಜರ್ನಲ್’ಗೆ ‘ದಿ ಬ್ಲ್ಯಾಕ್ ಬ್ಯಾಂಡ್’ ಎಂಬ ಅಪರಾಧಕಥೆಯನ್ನು ಲೇಡಿ ಕ್ಯಾರೊಲಿನ್ ಲ್ಯಾಸೆಲ್ಸ್ ಎಂಬ ಹುಸಿ ಹೆಸರಿನಲ್ಲಿ ಬರೆಯುತ್ತಿದ್ದಳು. ಅರ್ಧ ಪೆನ್ನಿಯ ಪತ್ರಿಕೆಗೆ ಶ್ರೀಮಂತ ಹೆಸರು ಬೇಕಾದುದು ಸ್ವಾರಸ್ಯದ ಸಂಗತಿ. ಫ್ಲೋಬೇರನ ‘ಮದಾಂ ಬೊವಾರಿ’ಯನ್ನು ಆಧಾರವಾಗಿಟ್ಟುಕೊಂಡು 1864ರಲ್ಲಿ ಅವಳು ‘ದಿ ಡಾಕ್ಟರ್ಸ್ ವೈಫ್’ ಎಂಬ ಕಾದಂಬರಿಯನ್ನು ಬರೆದಳು. ಅದರಲ್ಲಿ ಸಿಗಿಸ್ಮಂಡ್ ಸ್ಮಿತ್ ಎಂಬ ಪೆನ್ನಿ ಕಥೆಗಾರನೊಬ್ಬನಿದ್ದಾನೆ. ಕಾಗದದ ಮೇಲೆ ಕೊಲೆಗಳನ್ನು ರಾಶಿ ಹಾಕುವ ಈತ ಬಾಳಿನಲ್ಲಿ ಪರಮ ಸಾಧು. ಎರಡು ಮೂರು ಕಥೆಗಳನ್ನು ಬೆರಸಿ ಒಂದು ಕಥೆ ಮಾಡುವ ತನ್ನ ವಿದ್ಯೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಕಾದಂಬರಿಯ ಹುಚ್ಚು ಹಿಡಿದ ನಾಯಿಕೆ ಇಸಬೆಲ್‌ಗೆ, ಪುಸ್ತಕದಲ್ಲಿದ್ದಂತೆ ಲೋಕದಲ್ಲಿ ನಡೆಯುವುದಿಲ್ಲವೆಂದು ಬುದ್ಧಿ ಹೇಳಬಲ್ಲವನೂ ಅವನೇ. ಮ್ಯಾನ್ಸೆಲ್ಲನ ಆಕ್ಷೇಪಕ್ಕೆ ಇದಕ್ಕಿಂತ ಮರ್ಯಾದೆಯ ಉತ್ತರ ಆ ಕಾಲದಲ್ಲಿ ಬಂದುದನ್ನು ನಾವು ಕಾಣೆವು. ಎರಡು ವರ್ಷಗಳ ತರುವಾಯ ಪ್ರಕಟವಾದ ‘ದಿ ಲೇಡೀಸ್ ಮೈಲ್’ನಲ್ಲಿ ಇದೇ ಸಿಗಿಸ್ಮಂಡ್ ಮತ್ತೆ ಕಾಣಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಅವನು ಪೆನ್ನಿ ಸಂಚಿಕೆಗಳನ್ನು ಬಿಟ್ಟು ಮೂರು ಸಂಪುಟಗಳ ಕಾದಂಬರಿಕಾರನಾಗಿದ್ದಾನೆ. ತನ್ನ ಹೆಸರನ್ನು ಸ್ಮಿತ್ ಎಂದಲ್ಲ, ಸ್ಮೈತ್ ಎಂದು ಬರೆದುಕೊಳ್ಳುತ್ತಾನೆ.