ಧಾರಾವಾಹಿಯ ಕಂತು, ಸಾಲದ ಕಂತು

ಹೆಂಗಸರ ಕಾದಂಬರಿ ಅಂದ ಕೂಡಲೇ ನಮ್ಮ ಗೆಳೆಯರಲ್ಲಿ ಹಲವರು ಮೂಗು ಮುರಿಯುತ್ತಾರೆ. ವಾರಪತ್ರಿಕೆಯ ಧಾರಾವಾಹಿ, ಸರ್ಕ್ಯುಲೇಟಿಂಗ್ ಲೈಬ್ರರಿಯ ಸರಕು, ಮಧ್ಯಾಹ್ನದ ನಿದ್ದೆಗೆ ಮುಂಚಿನ ಓದು, ಅದರಲ್ಲಿ ಕಲಿಯೋದೇನಿದೆ ಅಂತ ಕೇಳುತ್ತಾರೆ. ಹಿಂದೆ ವಿಮರ್ಶಕರು ಇದನ್ನೇ 'ಅಡುಗೆಮನೆ ಸಾಹಿತ್ಯ' ಅಂತ ಕರೆದು ಪಕ್ಕಕ್ಕೆ ತಳ್ಳಿದ್ದರು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದಾಗ ಅವರ ಬೆನ್ನಿಗೆ ನಿಂತ ಬಳಗ ನಮ್ಮದು. ಆ ಮಾತನ್ನೇ ತಿರುಗಿಸಿ, ಹೆಂಗಸರು ಓದುವುದೆಲ್ಲ ಬೂಸಾ ಅಂದುಬಿಟ್ಟರೆ ಅದರಲ್ಲಿ ಬಂಡಾಯ ಎಲ್ಲಿದೆ? ಬರೀ ಗಂಡಸಿನ ಗತ್ತು ಇದೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಮ್ಮ ಕೇರಿಗಳಿಂದ ಬಂದು ಹಾಸ್ಟೆಲಿನಲ್ಲಿ ಓದುತ್ತಿರುವ ಹುಡುಗಿಯರು, ಹಳ್ಳಿ ಶಾಲೆಯ ಮೇಡಂಗಳು ಕಾದಂಬರಿ ಬರೆಯಬೇಕು ಅನ್ನುತ್ತಿದ್ದಾರೆ. ಸಾವಿರಾರು ಹೆಂಗಸರು ಓದುವಂಥ ಕಾದಂಬರಿ, ಕೈಗೆ ನಾಲ್ಕು ಕಾಸು ತರುವಂಥ ಕಾದಂಬರಿ. 2014ರಲ್ಲಿ ಶುರುವಾದ ಪ್ರತಿಲಿಪಿಯಂಥ ಕಡೆ ಮೊಬೈಲಿನಲ್ಲೇ ಕಂತು ಕಂತಾಗಿ ಕಥೆ ಬರೆಯುವ ಹೆಂಗಸರನ್ನು ಅವರು ದಿನಾ ನೋಡುತ್ತಿದ್ದಾರೆ. ತಪ್ಪೇನು? ಹೊಲದಲ್ಲಿ ದುಡಿದದ್ದಕ್ಕೆ ನ್ಯಾಯವಾದ ಕೂಲಿ ಕೇಳಿ ಅಂತ ಕೂಗಿದ ನಾವು, ಬರೆದದ್ದಕ್ಕೆ ಮಾತ್ರ ಕೇಳಬೇಡಿ ಅನ್ನಲಾದೀತೆ? ನಮ್ಮ ಅಳುಕು ಬೇರೆ. ಈ ಕಸುಬನ್ನು ಕಲಿಯುವಾಗ ಅದರ ಜೊತೆಗೇ ಇನ್ನೇನೇನು ತಲೆಗೆ ಹತ್ತಿಬಿಡುತ್ತದೆ ಅನ್ನೋದು.

ಲಂಡನ್ನಿನಲ್ಲಿ 1908ರಲ್ಲಿ ಹುಟ್ಟಿದ ಮಿಲ್ಸ್ ಅಂಡ್ ಬೂನ್, 1971ರಲ್ಲಿ ಅದನ್ನು ಕೊಂಡ ಕೆನಡಾದ ಹಾರ್ಲೆಕ್ವಿನ್, ಇಂಥ ಕಂಪನಿಗಳು ಬರೆಯುವವರಿಗೆ ಸೂಚನೆಯ ಹಾಳೆಗಳನ್ನೇ ಕೊಡುತ್ತಿದ್ದವು. ಎಷ್ಟು ಉದ್ದ, ನಾಯಕಿ ಎಂಥವಳು, ಕೊನೆ ಸುಖವಾಗಿಯೇ ಮುಗಿಯಬೇಕು, ಎಲ್ಲ ಅದರಲ್ಲಿ. ನಮ್ಮಲ್ಲಿ ಅಂಥ ಹಾಳೆ ಬೇಕಾಗಲಿಲ್ಲ. 1965ರಲ್ಲಿ 'ಸುಧಾ', 1983ರಲ್ಲಿ 'ತರಂಗ' ಬಂದವು. ಅಲ್ಲಿನ ಧಾರಾವಾಹಿಗಳನ್ನು ಓದಿ ಓದಿಯೇ ಅಳತೆ ಕೈಗೆ ಕೂತಿತು. ನಾಯಕಿ ಬಿ.ಎ. ಮುಗಿಸಿದ್ದಾಳೆ. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು. ಗಂಡು ಇಂಜಿನಿಯರು, ಡಾಕ್ಟರು, ಇಲ್ಲಾ ಮಲೆನಾಡಿನ ತೋಟದ ಸಾಹುಕಾರ. ಒಂದು ಅನುಮಾನ, ಒಂದು ಅಗಲಿಕೆ, ಕೊನೆಗೆ ಕಣ್ಣೀರಿನ ಜೊತೆ ಕೂಡಿಕೆ. ಜಾತಿಯ ಹೆಸರು ಎಲ್ಲೂ ಬರಲ್ಲ, ಬರುವ ಅಗತ್ಯವೂ ಇಲ್ಲ. ತುಳಸಿಕಟ್ಟೆ, ಮಡಿ ಸೀರೆ, ಪಕ್ಕದ ಮನೆಯವರ ಹೆಸರು, ಇಷ್ಟೇ ಸಾಕು.

ಆದರೆ ಜಾತಿ ಹೆಚ್ಚಾಗಿ ಅಡಗಿ ಕೂತಿರೋದು ಮಾತಿನಲ್ಲಿ. ಇದನ್ನು ನಮ್ಮ ಹುಡುಗಿಯರು ಕಣ್ಣಿಟ್ಟು ನೋಡಬೇಕು. ಈ ಧಾರಾವಾಹಿಗಳ ನಾಯಕಿ ಸಿಟ್ಟಿನಲ್ಲೂ ಪುಸ್ತಕದ ಕನ್ನಡ ಆಡುತ್ತಾಳೆ. ಮುಸುರೆ ತಿಕ್ಕಲು ಬರುವ ನಿಂಗಿಯೋ ಕೆಂಪಿಯೋ ಮಾತ್ರ "ಅಯ್ಯೋ ಬುಡಿ ಅಮ್ಮಾವ್ರೇ" ಅನ್ನುತ್ತಾಳೆ. ಅವಳ ಮಾತು ಇರೋದು ನಗಿಸಲಿಕ್ಕೆ, ಇಲ್ಲಾ ಪಕ್ಕದ ಬೀದಿಯ ಸುದ್ದಿ ತರಲಿಕ್ಕೆ. ಸುದ್ದಿ ಹೇಳಿ ಹಿತ್ತಿಲಿಗೆ ಹೋಗುತ್ತಾಳೆ. ಅಲ್ಲಿಂದಾಚೆಗೆ ಕಥೆಯ ಕಣ್ಣು ಹೋಗಲ್ಲ. ಗಂಡ ಕುಡುಕ ಅಂತ ಒಂದು ಸಾಲು. ನಾಯಕಿಯ ಕರುಣೆ ತೋರಿಸಲು ಒಂದು ಹಳೇ ಸೀರೆ. ಆಯಿತು, ಅವಳ ಪಾತ್ರ ಮುಗಿಯಿತು. ಇದನ್ನೇ ಓದಿ ಬರೆಯಲು ಕಲಿತ ನಮ್ಮ ಹುಡುಗಿ ಏನು ಮಾಡುತ್ತಾಳೆ? ತಾನು ಮನೇಲಿ ಆಡುವ ಮಾತನ್ನು ಕೆಲಸದವಳ ಬಾಯಿಗೆ ಹಾಕುತ್ತಾಳೆ, ತಾನು ಎಂದೂ ಆಡದ ಮಾತನ್ನು ನಾಯಕಿಯ ಬಾಯಿಗೆ ಹಾಕುತ್ತಾಳೆ. ಸ್ವಂತ ಅವ್ವನನ್ನು ತಾನೇ ಹಿತ್ತಿಲಿಗೆ ಕಳಿಸಿ ಕದ ಹಾಕಿಕೊಳ್ಳುತ್ತಾಳೆ. ಹಾಗೆ ಮಾಡಿದ್ದು ಅವಳಿಗೆ ಗೊತ್ತೂ ಆಗಲ್ಲ, ಯಾಕಂದರೆ 'ಒಳ್ಳೆಯ ಭಾಷೆ' ಅಂತ ಶಾಲೆಯಲ್ಲಿ ಬೆನ್ನು ತಟ್ಟಿದ್ದೂ ಅದಕ್ಕೇ.

ಹಾಗಂತ ಇಡೀ ಪರಂಪರೆಯನ್ನು ಒಲೆಗೆ ಹಾಕಿ ಅನ್ನುವವರ ಜೊತೆ ನಾವಿಲ್ಲ. ತ್ರಿವೇಣಿ 1928ರಲ್ಲಿ ಹುಟ್ಟಿ 1963ರಲ್ಲಿ, ಮೂವತ್ತೈದು ತುಂಬುವ ಮುಂಚೆಯೇ ತೀರಿಕೊಂಡರು. ಅವರ 'ಶರಪಂಜರ'ದ ಕಾವೇರಿ ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆಯಾಗಲಿ ಬೀದಿಯಾಗಲಿ ಅವಳು ಗುಣವಾಗಿದ್ದಾಳೆ ಅಂತ ಒಪ್ಪೋದಿಲ್ಲ. ಒಮ್ಮೆ ಹತ್ತಿದ ಹೆಸರು ತೊಳೆದರೂ ಹೋಗಲ್ಲ ಅನ್ನೋ ಸಂಕಟವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕೆ? ಇಂಥ ವಿಷಯವನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ, ನಾಲ್ಕನೇ ಕ್ಲಾಸು ಓದಿದ ಹೆಂಗಸಿಗೂ ತಿಳಿಯುವ ಹಾಗೆ ಬರೆದರು. ನಮ್ಮ ಎಷ್ಟು ಜನ ಕ್ರಾಂತಿಕಾರಿ ಕಥೆಗಾರರಿಗೆ ಇದು ಸಾಧ್ಯವಾಗಿದೆ? ಬಿಗುವಾದ ಪ್ರತಿಮೆಗಳನ್ನು ಜೋಡಿಸಿ, ಕೇರಿಯ ಒಬ್ಬಳೂ ಓದಲಾಗದ ಕಥೆಯನ್ನು ಕೇರಿಗೇ ಅರ್ಪಿಸುವ ಗೆಳೆಯರಿದ್ದಾರೆ.

ಎಂ.ಕೆ. ಇಂದಿರಾ ಚಿಕ್ಕಂದಿನಲ್ಲೇ ಮದುವೆಯಾಗಿ ಶಾಲೆ ಬಿಟ್ಟವರು, ನಲವತ್ತೈದರ ಸುಮಾರಿಗೆ ಕಾದಂಬರಿಗೆ ಕೈ ಹಾಕಿದವರು. ಬರೆಯಲು ಎಂ.ಎ. ಬೇಕು ಅನ್ನುವವರಿಗೆ ಇದೇ ಉತ್ತರ. 1976ರ 'ಫಣಿಯಮ್ಮ'ದಲ್ಲಿ ತಲೆ ಬೋಳಿಸಿದ ಮಡಿ ವಿಧವೆ ದಲಿತ ಹೆಣ್ಣೊಬ್ಬಳ ಹೆರಿಗೆಗೆ ನೆರವಾಗುತ್ತಾಳೆ. ದೊಡ್ಡ ಗಳಿಗೆಯೇ ಅದು, ಇಲ್ಲ ಅನ್ನೋದಿಲ್ಲ. ಆದರೆ ಕಥೆ ಆ ವಿಧವೆಯ ಕೈಯನ್ನು ಹಿಡಿದು ವಾಪಸು ಅಗ್ರಹಾರದ ಕಡೆಗೇ ನಡೆಯುತ್ತದೆ. ಹೆತ್ತವಳು ಮಾರನೇ ದಿನ ಏನು ಉಂಡಳು, ಎಷ್ಟನೇ ದಿನಕ್ಕೆ ಕೂಲಿಗೆ ಹೋದಳು? ಆ ಕಾದಂಬರಿ ಬೇರೆ. ಅದನ್ನು ಬರೆಯಬೇಕಾದವರೂ ಬೇರೆ.

ಬರೆದವರೂ ಇದ್ದಾರೆ. ಕಲಬುರಗಿ ಕಡೆಯ ಗಿರಣಿ ಕೆಲಸಗಾರನ ಮಗಳು ಗೀತಾ ನಾಗಭೂಷಣ, ಧಾರಾವಾಹಿಗಳಲ್ಲಿ ಹಿತ್ತಿಲಿಗೆ ಬಿದ್ದಿದ್ದ ಮಾತನ್ನೇ ಕಾದಂಬರಿಯ ನಡುಮನೆಗೆ ತಂದರು. ಅವರ 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕನ್ನಡದ ಹೆಣ್ಣೊಬ್ಬಳಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅಡುಗೆಮನೆ ಸಾಹಿತ್ಯ ಅಂತ ನಕ್ಕವರು ಈ ಲೆಕ್ಕವನ್ನೂ ಒಮ್ಮೆ ನೋಡಲಿ.

ಇನ್ನು ಕಂತಿನ ವಿದ್ಯೆ. ಪ್ರತಿ ವಾರ ಎಲ್ಲಿ ನಿಲ್ಲಿಸಬೇಕು ಅನ್ನೋದರಲ್ಲೇ ಧಾರಾವಾಹಿಯ ಜೀವ ಇದೆ. ಬಾಗಿಲು ಬಡಿದ ಸದ್ದು, ಒಡೆಯದ ಕಾಗದ, ತಲೆ ಸುತ್ತಿ ಬಿದ್ದ ನಾಯಕಿ, ಇವೆಲ್ಲ ಸವೆದ ನಾಣ್ಯ. ನಮ್ಮ ಹೆಣ್ಣುಮಕ್ಕಳಿಗೆ ಕಂತು ಅನ್ನೋ ಮಾತು ಇನ್ನೊಂದು ಕಡೆಯಿಂದ ಚೆನ್ನಾಗಿ ಗೊತ್ತು. ಮೈಕ್ರೋಫೈನಾನ್ಸಿನವರು ವಾರ ವಾರ ಬಂದು ಕೂರುತ್ತಾರೆ; ಒಬ್ಬಳು ಕಟ್ಟದಿದ್ದರೆ ಗುಂಪಿನವರೆಲ್ಲ ಅವಳ ಬಾಗಿಲಿಗೆ. ಆ ಕಿರುಕುಳ ತಾಳದೆ ಊರು ಬಿಟ್ಟವರು, ಜೀವ ಕಳೆದುಕೊಂಡವರು ಸುದ್ದಿಯಾದ ಮೇಲೆ 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮುಂದಿನ ವಾರ ಏನಾಗುತ್ತೋ ಅನ್ನೋ ಕಾತರ ಬೇಕೆ? ಮಂಗಳವಾರ ಕಂತು ಕಟ್ಟಬೇಕು, ಸೋಮವಾರ ರಾತ್ರಿ ಸೆರಗಿನ ಗಂಟು ಬಿಚ್ಚಿದರೆ ಇನ್ನೂರು ರೂಪಾಯಿ ಕಮ್ಮಿ. ಅಂಥವಳು ಒಬ್ಬನನ್ನು ಮೆಚ್ಚಿಕೊಂಡೂ ಇರಬಹುದು. ಪ್ರೀತಿ ಬರೆಯಬೇಡಿ ಅಂತ ನಾವೇನೂ ಅಪ್ಪಣೆ ಹೊರಡಿಸುತ್ತಿಲ್ಲ. ಅವನು ಟ್ರಾಕ್ಟರ್ ಓಡಿಸುವವನಾದರೂ ನಾಯಕನೇ.

ಇದು ನಮ್ಮ ಓದುಗರಿಗೆ ಹಿಡಿಸಲ್ಲ ಅಂತ ಸಂಪಾದಕರು ವಾಪಸು ಕಳಿಸಬಹುದು. ಆಗ ಅದೇ ಹಸ್ತಪ್ರತಿಯನ್ನು ಗಾರ್ಮೆಂಟ್ಸಿಗೆ ಹೋಗುವವರಿಗೆ, ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸುವವರಿಗೆ ಓದಿ ಹೇಳಿ. ಸೋಮವಾರ ರಾತ್ರಿಯ ಆ ಗಂಟಿನ ಹತ್ತಿರ ನಿಲ್ಲಿಸಿ ಎದ್ದುಬಿಡಿ. ಮುಂದಿನ ವಾರ ಯಾರು ಯಾರು ಬರುತ್ತಾರೆ ನೋಡೋಣ.