ಒಂದು ಟ್ಯಾಂಕು, ಎದುರಿಗೊಂದು ಸೈನ್ಯ

ಚದುರಂಗದಲ್ಲಿ ಇಬ್ಬರಿಗೂ ಹದಿನಾರು ಕಾಯಿ. ನ್ಯಾಯ ಅಲ್ಲಿಗೆ ಮುಗಿಯಿತು. ನನಗೆ ರುಚಿ ಹತ್ತಿದ್ದು ಆಡು-ಹುಲಿಯಾಟದ ಜಾತಿಯವು: ಒಬ್ಬರಿಗೆ ಬಲ, ಇನ್ನೊಬ್ಬರಿಗೆ ಸಂಖ್ಯೆ. ವೈಜ್ಞಾನಿಕ ಕಲ್ಪನೆಯ ಯುದ್ಧದಾಟಗಳಲ್ಲಿ ಈ ಜಾತಿಗೆ ಹಿರಿಯಣ್ಣನಂಥದು ‘ಓಗರ್’. ಅಮೆರಿಕದ ಸ್ಟೀವ್ ಜಾಕ್ಸನ್ ರೂಪಿಸಿದ ಇದನ್ನು ಮೆಟಾಗೇಮಿಂಗ್ ಕಂಪನಿ 1977ರಲ್ಲಿ ಹೊರತಂದಿತು. ಬೆಲೆ 2.95 ಡಾಲರ್. ಅಷ್ಟಕ್ಕೆ ಸಿಗುತ್ತಿದ್ದದ್ದು ಪುಟ್ಟ ನಿಯಮಪುಸ್ತಕ, ಮಡಚಿದ ನಕ್ಷೆ, ಒಂದಿಷ್ಟು ಕಾಗದದ ಬಿಲ್ಲೆ.

ಓಗರ್ ಎಂದರೆ ಚಾಲಕನಿಲ್ಲದೆ ತಾನೇ ಯೋಚಿಸಿ ಕಾದಾಡುವ ದೈತ್ಯ ಟ್ಯಾಂಕ್. ಒಬ್ಬ ಆಟಗಾರನಿಗೆ ಅದೊಂದೇ ಬಿಲ್ಲೆ. ಎದುರಾಳಿಗೆ ಕಾಲಾಳು, ಟ್ಯಾಂಕು, ಹೋವರ್‌ಕ್ರಾಫ್ಟ್, ದೂರಕ್ಕೆ ಹೊಡೆಯುವ ತೋಪಾದ ಹೊವಿಟ್ಜರ್ ಎಲ್ಲವೂ. ಅವರ ಕಮಾಂಡ್ ಪೋಸ್ಟನ್ನು ಓಗರ್ ಪುಡಿಮಾಡಬೇಕು, ಅವರು ತಡೆಯಬೇಕು.

ಸ್ವಾರಸ್ಯ ಇರುವುದು ನಕ್ಷೆಯ ಪಕ್ಕದ ಹಾಳೆಯಲ್ಲಿ. ಮಾರ್ಕ್ 3 ಮಾದರಿಯ ಓಗರ್‌ಗೆ ಒಂದು ಮುಖ್ಯ ತೋಪು, 4 ಉಪತೋಪು, 2 ಕ್ಷಿಪಣಿ, ಕಾಲಾಳುಗಳಿಗೆಂದೇ 8 ಗನ್ನು, ಜೊತೆಗೆ ಅದು ಉರುಳುವ ಪಟ್ಟಿಗೆ, ಅಂದರೆ ಟ್ರ್ಯಾಕಿಗೆ, 45 ಚೌಕ. ಪೆಟ್ಟು ಬಿದ್ದಂತೆಲ್ಲ ಪೆನ್ಸಿಲಿನಿಂದ ಹೊಡೆದುಹಾಕುತ್ತ ಹೋಗಬೇಕು. 15 ಚೌಕ ಹೋದರೆ ಮೂರು ಮನೆಯ ನಡೆ ಎರಡಕ್ಕಿಳಿಯುತ್ತದೆ, ಇನ್ನು 15 ಹೋದರೆ ಒಂದಕ್ಕೆ. ಹಾಗಾದರೆ ಹೊಡೆಯುವುದು ತೋಪಿಗೋ ಟ್ರ್ಯಾಕಿಗೋ? ತೋಪು ಮುರಿದರೆ ನಮ್ಮವರು ಉಳಿದಾರು, ಆದರೆ ಅದು ಬರುತ್ತಲೇ ಇರುತ್ತದೆ. ಟ್ರ್ಯಾಕ್ ಕೀಳಲು ದಾಳದಲ್ಲಿ ಐದೋ ಆರೋ ಬೀಳಬೇಕು. ಬೀಳುವ ಹೊತ್ತಿಗೆ ನಮ್ಮ ಟ್ಯಾಂಕುಗಳು ಎಷ್ಟು ಉಳಿದಿರುತ್ತವೋ!

ಓಗರ್ ಹಿಡಿದವರಿಗೂ ನಿದ್ದೆಯಿಲ್ಲ. ಸುತ್ತಿ ಹೋದರೆ ಹೊವಿಟ್ಜರ್ ತಪ್ಪೀತು, ಆದರೆ ಒಂದೊಂದು ಸುತ್ತು ತಡವಾದಷ್ಟೂ ಹಾಳೆಯಲ್ಲಿ ಗೀಟು ಹೆಚ್ಚು. ಕಳೆದದ್ದು ಮರಳಿ ಬರುವುದಿಲ್ಲ. ಒಬ್ಬರ ಚಿಂತೆ ಜಾಗದ್ದು, ಇನ್ನೊಬ್ಬರದು ಸಮಯದ್ದು. ಬದಿ ಬದಲಿಸಿ ಕೂತರೆ ಅದೇ ನಕ್ಷೆಯ ಮೇಲೆ ಬೇರೆಯೇ ಆಟ. ಈ ಜಾತಿಯ ಆಟಗಳು ಬೇಸರ ತರಿಸದಿರುವ ಗುಟ್ಟು ಇದೇ. ಅದಕ್ಕೇ ಇರಬೇಕು, 2012ರಲ್ಲಿ ಓಗರ್‌ನ ದೊಡ್ಡ ಪೆಟ್ಟಿಗೆಯ ಆವೃತ್ತಿಗೆ ಜನರಿಂದ ಮುಂಗಡ ಹಣ ಸೇರಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ 9 ಲಕ್ಷ ಡಾಲರ್ ಮೀರಿ ಹಣ ಕೂಡಿತು.

ಹೊಸಬರು ಮೊದಲು ಸೈನ್ಯದ ಕಡೆ ಕೂರಲಿ, ಹೊವಿಟ್ಜರ್ ಮೋಹ ಬಿಡಲಿ. ಒಂದಕ್ಕೆ ಎರಡು ಟ್ಯಾಂಕಿನ ಬೆಲೆ ತೆರಬೇಕು, ಮೇಲಾಗಿ ಅದು ಇಟ್ಟಲ್ಲಿಂದ ಕದಲುವುದಿಲ್ಲ. ಓಗರ್ ಕದಲುತ್ತದೆ.