ಬೇಲ್ ಕಟ್ಟಿದ ಮೇಲೆ ಬರುವ ಬೆಲೆ

ಉಡುಪಿ ಜಿಲ್ಲೆಯ ಒಣಕಸದ ವ್ಯವಸ್ಥೆಯನ್ನು ಹೊಗಳುವುದು ಸುಲಭ, ಹೊಗಳಲು ಕಾರಣಗಳೂ ಇವೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಸ್ವಚ್ಛ ಭಾರತ ಮಿಷನ್ ಗ್ರಾಮೀಣ ಯೋಜನೆಯಡಿ ಕಟ್ಟಿದ ಎಂಆರ್‌ಎಫ್ (ಮೆಟೀರಿಯಲ್ ರಿಕವರಿ ಫೆಸಿಲಿಟಿ) ಘಟಕ ದಿನಕ್ಕೆ 10 ಟನ್ ಒಣಕಸ ವಿಂಗಡಿಸಬಲ್ಲದು. ರಾಜ್ಯ ಸರಕಾರ ಪ್ರಾಯೋಗಿಕವಾಗಿ ಮಂಜೂರು ಮಾಡಿದ ನಾಲ್ಕು ಘಟಕಗಳಲ್ಲಿ ಇದೊಂದು. ಉಳಿದ ಮೂರು ದಕ್ಷಿಣ ಕನ್ನಡ, ರಾಮನಗರ, ಬಳ್ಳಾರಿಗೆ ಹೋದವು. ಉಡುಪಿ, ಕಾಪು, ಕಾರ್ಕಳ ಕಡೆಯ ಸುಮಾರು 40 ಗ್ರಾಮ ಪಂಚಾಯಿತಿಗಳ ಒಣಕಸ ಒಂದೇ ಸೂರಿನಡಿ ಬಂದು ಸೇರಲಿ ಎಂಬುದು ಯೋಜನೆ. ಊರೂರಲ್ಲಿ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟದ ಹೆಂಗಸರು ಡ್ರೈವಿಂಗ್ ಕಲಿತು ಕಸದ ಗಾಡಿ ‘ಸ್ವಚ್ಛ ವಾಹಿನಿ’ ಓಡಿಸುತ್ತಿದ್ದಾರೆ. ಹಿಂದೆ ಬಚ್ಚಲ ಒಲೆಗೋ ತೋಡಿನ ದಂಡೆಗೋ ಹೋಗುತ್ತಿದ್ದ ಪ್ಲಾಸ್ಟಿಕ್ ಈಗ ಚೀಲದಲ್ಲಿ ಗೇಟಿಗೆ ನೇತುಬಿದ್ದು ಗಾಡಿಗಾಗಿ ಕಾಯುತ್ತದೆ.

ನನ್ನ ತಕರಾರು ಸ್ವಚ್ಛತೆಯ ಬಗ್ಗೆ ಅಲ್ಲ. ರಸ್ತೆ ಬದಿ ಚೊಕ್ಕಟವಾಯಿತೇ ಎಂದು ಪಂಚಾಯಿತಿ ಕೇಳುತ್ತದೆ, ಪತ್ರಿಕೆ ಕೇಳುತ್ತದೆ, ಪ್ರಶಸ್ತಿ ಕೊಡುವವರೂ ಅದನ್ನೇ ಕೇಳುತ್ತಾರೆ. ಒಣಕಸವನ್ನು ಒತ್ತಿ ಕಟ್ಟಿದ ಬೇಲ್ ಮಾರಿದ ದುಡ್ಡು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು, ನಡುವೆ ಯಾರ ಕೈಯಲ್ಲಿ ಎಷ್ಟು ನಿಂತಿತು ಎಂದು ಕೇಳುವವರು ಕಡಿಮೆ. ಆ ಲೆಕ್ಕದಲ್ಲಿ ನೋಡಿದರೆ ಈ ವ್ಯವಸ್ಥೆ ಹೊಗಳಿಕೆಗಿಂತ ಹೆಚ್ಚು ಕುತೂಹಲಕರ, ಮತ್ತು ತಾನು ಹೇಳಿಕೊಳ್ಳುವುದಕ್ಕಿಂತ ಕಡಿಮೆ ನ್ಯಾಯವಂತ.

ಇದರ ಬೇರು ನಿಟ್ಟೆಯಲ್ಲಿಲ್ಲ, ಕೊಲ್ಲೂರು ದಾರಿಯ ವಂಡ್ಸೆಯಲ್ಲಿದೆ. ವೆಲ್ಲೂರಿನ ಸಿ. ಶ್ರೀನಿವಾಸನ್ ರೂಪಿಸಿದ, ಕಸವನ್ನು ಸಂಪನ್ಮೂಲವಾಗಿ ನೋಡುವ ಎಸ್‌ಎಲ್‌ಆರ್‌ಎಂ ಪದ್ಧತಿಯನ್ನು ಕಳೆದ ದಶಕದಲ್ಲಿ ಆ ಪಂಚಾಯಿತಿ ಪ್ರಯೋಗಕ್ಕಿಳಿಸಿತು. ಜಿಲ್ಲೆಯ ಬೇರೆ ಪಂಚಾಯಿತಿಗಳು ಅದನ್ನು ನೋಡಿ ಕಲಿತವು. ಶ್ರೀನಿವಾಸನ್ ಅವರ ಮುಖ್ಯ ವಾದ ಸರಳ: ಕಸವನ್ನು ಎಷ್ಟು ಬೇಗ, ಎಷ್ಟು ಬಗೆಯಾಗಿ ಬೇರ್ಪಡಿಸುತ್ತೀರೋ ಅದಕ್ಕೆ ಅಷ್ಟು ಬೆಲೆ. ಮೂಲದಲ್ಲಿ ಅದು ಆರ್ಥಿಕ ವಾದ. ಅನುಷ್ಠಾನಕ್ಕೆ ಬರುವ ಹೊತ್ತಿಗೆ ವಾದದ ಮೊದಲರ್ಧ ಹೆಂಗಸರ ಕೈಗೆ ಬಂತು, ಬೆಲೆಯ ಅರ್ಧ ಘಟ್ಟ ಹತ್ತಿ ಹೋಯಿತು.

ನಂದಿನಿ ಹಾಲಿನ ತೊಟ್ಟೆಯೊಂದನ್ನೇ ತೆಗೆದುಕೊಳ್ಳಿ. ಮನೆಯಾಕೆ ಅದರ ಮೂಲೆಯನ್ನು ಪೂರ್ತಿ ಕತ್ತರಿಸಿ ತುಂಡನ್ನು ಸಿಂಕಿನ ಬದಿಗೆ ಹಾಕಿದರೆ ಆ ಬೆರಳುಗುರಿನಷ್ಟು ಚೂರು ಯಾವ ಬೇಲ್‌ಗೂ ಸೇರುವುದಿಲ್ಲ, ತೋಟದ ಮಣ್ಣಿಗೆ ಸೇರುತ್ತದೆ. ತುಂಡಾಗದಂತೆ ಸೀಳಿ, ನೀರು ಹಾಕಿ ಕುಲುಕಿ, ಒಣಗಿಸಿ ಕೊಟ್ಟರೆ ಅದೇ ತೊಟ್ಟೆ ಒಳ್ಳೆ ಬೆಲೆಯ ಮಾಲು. ತೊಳೆಯದೆ ಕೊಟ್ಟರೆ ಮೂರನೆಯ ದಿನ ಅದರ ವಾಸನೆಗೆ ವಿಂಗಡಣೆಯ ಮೇಜಿನ ಮುಂದೆ ನಿಲ್ಲಲಾಗುವುದಿಲ್ಲ, ಪಕ್ಕದ ಕಾಗದವೂ ಹಾಳು. ಇದನ್ನು ಮನೆಮನೆಗೆ ಹೇಳಿದವರು, ಹೇಳಿ ಬೈಸಿಕೊಂಡವರು, ಮುಂದಿನ ವಾರ ಮತ್ತೆ ಹೋಗಿ ನಗುತ್ತ ಹೇಳಿದವರು ಗಾಡಿಯ ಹೆಂಗಸರು. ಒಂದು ಕಿಲೋ ತೊಟ್ಟೆಯ ದರದಲ್ಲಿ ಈ ಮಾತಿನ ಕೂಲಿಯೂ ಸೇರಿದೆ. ಆದರೆ ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಇಲ್ಲ.

ಮೇಲಕ್ಕೆ ಹೋದಂತೆ ಬೆಲೆ ಏರುವುದು ಈ ವ್ಯಾಪಾರದ ಸ್ವಭಾವ. ಚಿಲ್ಲರೆಯಾಗಿ ಒಂದು ಗೋಣಿ ಬಾಟಲಿ ಮಾರಿದರೆ ಗುಜರಿಯವನು ಹೇಳಿದ್ದೇ ದರ. ಟನ್ ಲೆಕ್ಕದಲ್ಲಿ, ಬಣ್ಣ ಬೇರ್ಪಡಿಸಿ, ಮುಚ್ಚಳ ಕಳಚಿ, ಒತ್ತಿ ಬೇಲ್ ಮಾಡಿ ಮಾರಿದರೆ ಮಾತಾಡುವ ಶಕ್ತಿ ಬರುತ್ತದೆ. ನಿಟ್ಟೆಯಂಥ ಘಟಕದ ನಿಜವಾದ ಸಾಧನೆ ಇದು, ಯಂತ್ರವಲ್ಲ. ಚಿಕ್ಕ ಪಂಚಾಯಿತಿ ಒಂಟಿಯಾಗಿ ಎಂದೂ ಪಡೆಯಲಾಗದ ಚೌಕಾಸಿಯ ಬಲವನ್ನು 40 ಪಂಚಾಯಿತಿಗಳು ಸೇರಿ ಪಡೆಯುತ್ತವೆ. ಅಡಿಕೆಗೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಮಾಡಿದ್ದನ್ನು ನೆನೆಸಿಕೊಳ್ಳಿ. ವ್ಯತ್ಯಾಸ ಒಂದೇ: ಕ್ಯಾಂಪ್ಕೊದಲ್ಲಿ ಬೆಳೆಗಾರ ಸದಸ್ಯ, ಇಲ್ಲಿ ಕಸ ಎತ್ತಿದವಳು ಕೂಲಿಯಾಳು.

ಎಲ್ಲ ಕಸಕ್ಕೂ ಬೆಲೆ ಇದೆ ಎಂಬುದು ಭಾಷಣದ ಮಾತು. ಚಿಪ್ಸಿನ ಪೊಟ್ಟಣ, ಗುಟ್ಕಾ ಸ್ಯಾಶೆ, ಶಾಂಪೂ ಚೀಟಿಯಂಥ ಪದರಪದರದ ಪ್ಲಾಸ್ಟಿಕ್ಕಿಗೆ ಬೆಲೆ ಇಲ್ಲ. ಅದನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಸಾಗಿಸಲು ನಾವೇ ಲಾರಿ ಬಾಡಿಗೆ ಕೊಡಬೇಕು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಕಸ ಎಂಬುದೇ ಅರ್ಧ ಸುಳ್ಳು. ಗೇಟಿನಿಂದ ಗಾಡಿಗೆ, ಗಾಡಿಯಿಂದ ಶೆಡ್ಡಿಗೆ ಬರುವಷ್ಟರಲ್ಲಿ ರಟ್ಟು ನೀರು ಕುಡಿದು ಕೂತಿರುತ್ತದೆ. ನಮ್ಮ ಮನೆಗಳೋ ಬಯಲುಸೀಮೆಯ ಹಾಗೆ ಒತ್ತಾಗಿಲ್ಲ. ತೋಟದ ನಡುವೆ ಒಂದು, ಗುಡ್ಡದಾಚೆ ಇನ್ನೊಂದು. ಡೀಸೆಲ್ ಖರ್ಚು ಮನೆಗಳ ಎಣಿಕೆಯಲ್ಲಲ್ಲ, ಮನೆಗಳ ನಡುವಿನ ದೂರದಲ್ಲಿ ಏರುತ್ತದೆ. ಇದರ ಮೇಲೆ ಜಿಎಸ್‌ಟಿ ಮಂಡಳಿ 2021ರ ಅಕ್ಟೋಬರಿನಿಂದ ಪ್ಲಾಸ್ಟಿಕ್ ಗುಜರಿಯ ತೆರಿಗೆಯನ್ನು ಶೇ 5ರಿಂದ ಶೇ 18ಕ್ಕೆ ಏರಿಸಿತು. ಬಿಲ್ಲಿಲ್ಲದೆ ನಡೆಯುವ ಗುಜರಿ ವ್ಯಾಪಾರಕ್ಕೆ ಅದರ ಬಿಸಿ ತಾಗಲಿಲ್ಲ, ಬಿಲ್ಲು ಹಾಕಿ ಪ್ರಾಮಾಣಿಕವಾಗಿ ನಡೆಯಬೇಕಾದ ಘಟಕಗಳಿಗೇ ತಾಗಿತು. 2022ರ ಫೆಬ್ರವರಿಯಲ್ಲಿ ಬಂದ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿಯ ಪ್ರಕಾರ ಕಂಪನಿಗಳು ಪ್ಲಾಸ್ಟಿಕ್ ಸಂಸ್ಕರಣೆಯಾಯಿತು ಎಂಬ ಪ್ರಮಾಣಪತ್ರ ಕೊಳ್ಳಬೇಕು. ಆ ಪ್ರಮಾಣಪತ್ರ ಹುಟ್ಟುವುದು ನೋಂದಾಯಿತ ಮರುಸಂಸ್ಕರಣಾ ಕಾರ್ಖಾನೆಯ ಬಾಗಿಲಲ್ಲಿ. ಶಿರ್ವದ ರಸ್ತೆಯಲ್ಲೋ ಬೈಲೂರಿನ ಮೂಲೆಯಲ್ಲೋ ಅದೇ ಸ್ಯಾಶೆಯನ್ನು ಬಗ್ಗಿ ಎತ್ತಿದವಳ ಹೆಸರಲ್ಲಲ್ಲ.

ಹಾಗಾದರೆ ಆಕೆಯ ಸಂಬಳ ಬರುವುದು ಎಲ್ಲಿಂದ? ಮನೆಗಳು ಕೊಡುವ ಶುಲ್ಕದಿಂದ, ಪಂಚಾಯಿತಿಯ ಅನುದಾನದಿಂದ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 30 ನೈರ್ಮಲ್ಯಕ್ಕೆಂದೇ ಮೀಸಲಾದ್ದರಿಂದ ಗಾಡಿಗಳು ಓಡಿದವು. ಶುಲ್ಕದ ಕತೆ ಬೇರೆ. ಬಿಸಾಡುವುದಕ್ಕೂ ದುಡ್ಡು ಕೊಡಬೇಕೇ ಎಂದು ಕೇಳುವ ಮನೆಯಲ್ಲಿ ಎರಡು ಕಾರು ನಿಂತಿರುತ್ತವೆ. ವಸೂಲಿಯೂ ಅದೇ ಹೆಂಗಸರ ಹೆಗಲಿಗೆ. ಬೆಳಿಗ್ಗೆ ಕಸ ಎತ್ತಿ, ತಿಂಗಳ ಕೊನೆಗೆ ರಸೀದಿ ಪುಸ್ತಕ ಹಿಡಿದು ಅದೇ ಗೇಟಿನಲ್ಲಿ ನಿಲ್ಲಬೇಕು. ಸ್ವಾವಲಂಬನೆ ಎಂದು ಇದಕ್ಕೆ ಹೆಸರು. ಬೀದಿದೀಪಕ್ಕೆ, ರಸ್ತೆಗೆ ಸ್ವಾವಲಂಬಿಯಾಗು ಎಂದು ಯಾರೂ ಹೇಳುವುದಿಲ್ಲ. 2022ರಲ್ಲಿ ರಾಜ್ಯ ಸರಕಾರ ನಗರಗಳ 11,133 ಪೌರಕಾರ್ಮಿಕರನ್ನು ಖಾಯಂ ಮಾಡಲು ಒಪ್ಪಿತು, ಅದು ದಶಕಗಳ ಹೋರಾಟದ ಫಲ. ನಗರಸಭೆಯ ಗಡಿ ದಾಟಿ ಅಲೆವೂರಿಗೋ ಉದ್ಯಾವರಕ್ಕೋ ಬಂದರೆ ಅದೇ ಕೆಲಸ ಗೌರವಧನದ, ಒಪ್ಪಂದದ, ಸೇವೆಯ ಭಾಷೆಗೆ ಇಳಿಯುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ದೊಡ್ಡ ಬದಲಾವಣೆಯನ್ನು ಈ ವ್ಯವಸ್ಥೆಯ ಲೆಕ್ಕಕ್ಕೆ ಬರೆಯಲೇಬೇಕು. ಈ ನೆಲದಲ್ಲಿ ಎಂಜಲು, ಹೊಲಸು ಯಾರ ಪಾಲು ಎಂಬುದನ್ನು ಜಾತಿ ಮೊದಲೇ ಹಂಚಿಬಿಟ್ಟಿತ್ತು. ಇಲ್ಲಿನ ಬುಡಕಟ್ಟು ಸಮುದಾಯವಾದ ಕೊರಗರ ಮೇಲೆ ಹೇರಿದ, ಅಜಲು ಎಂಬ ಅವಮಾನಕರ ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಕಾಪು ತಾಲೂಕಿನ ಪೆರ್ನಾಲಿನ ಸಮಗ್ರ ಗ್ರಾಮೀಣ ಆಶ್ರಮದಂಥ ಸಂಸ್ಥೆಗಳ ಜೊತೆಗೂಡಿ ಕೊರಗರು ಸಂಘಟಿತರಾಗಿ, ಭೂಮಿ ಕೇಳಿ, ತಮ್ಮ ವಾದ್ಯವಾದ ಡೋಲಿನ ಮರ್ಯಾದೆಯನ್ನು ತಮ್ಮದನ್ನಾಗಿ ಮಾಡಿಕೊಂಡರು. ಆ ಚರಿತ್ರೆ ಇರುವ ಊರುಗಳಲ್ಲಿ ಸ್ವಸಹಾಯ ಗುಂಪಿನ ಹೆಂಗಸರು, ಬೇರೆ ಬೇರೆ ಜಾತಿಯವರು, ಸಮವಸ್ತ್ರ ಹಾಕಿ ಊರಿನ ಕಸಕ್ಕೆ ಕೈ ಹಾಕುವುದು ಸಣ್ಣ ಸಂಗತಿಯಲ್ಲ. ಯಾವ ಯಂತ್ರಕ್ಕಿಂತಲೂ ಇದು ದೊಡ್ಡ ಫಲಿತಾಂಶ, ವರದಿಗಳಲ್ಲಿ ಒಂದು ಸಾಲಾಗಿಯೂ ಬಾರದ ಫಲಿತಾಂಶ. ಆದರೆ ಕೆಲಸದ ಕಳಂಕ ಅಳಿಸಿ ಕೂಲಿಯನ್ನು ಹಳೆಯ ಮಟ್ಟದಲ್ಲೇ ಬಿಟ್ಟರೆ ಅದು ಅರ್ಧ ಸುಧಾರಣೆ. ಜೊತೆಗೆ, ಈ ಒಕ್ಕೂಟಗಳ ವಿಂಗಡಣೆಯ ಮೇಜಿನಲ್ಲಿ ಇರುವಷ್ಟೇ ಸಲೀಸಾಗಿ ಪದಾಧಿಕಾರಿಗಳ ಕುರ್ಚಿಯಲ್ಲೂ ಕೊರಗ ಹೆಂಗಸರು ಇದ್ದಾರೆಯೇ ಎಂಬುದು ಊರೂರಲ್ಲಿ ಕೇಳಿ ನೋಡಬೇಕಾದ ಪ್ರಶ್ನೆ.

ಇನ್ನು ಮರುಬಳಕೆ. ಒಂದು ವಸ್ತುವನ್ನು ಅದೇ ರೂಪದಲ್ಲಿ ಮತ್ತೊಬ್ಬರು ಬಳಸಿದರೆ ಅದರ ಬೆಲೆ ಉಳಿಯುತ್ತದೆ. ಕರಗಿಸಿದರೆ ಬಹುಪಾಲು ಹೋಗುತ್ತದೆ. ಕಾಲು ಮುರಿದ ಕುರ್ಚಿಯನ್ನು ಬೆಸೆದು ಮಾರಿದರೆ ಕುರ್ಚಿಯ ಬೆಲೆ, ಪುಡಿ ಮಾಡಿದರೆ ಪ್ಲಾಸ್ಟಿಕ್ ಪುಡಿಯ ಬೆಲೆ. ಹೀಗಿದ್ದೂ ನಮ್ಮ ವ್ಯವಸ್ಥೆ ಪೂರ್ತಿಯಾಗಿ ಪುಡಿಯ ಕಡೆಗೆ ವಾಲಿದೆ. ಮಣಿಪಾಲದಲ್ಲಿ ಕೋರ್ಸು ಮುಗಿಸಿ ಹೊರಡುವ ವಿದ್ಯಾರ್ಥಿಗಳು ಬಿಟ್ಟುಹೋಗುವುದು ಹಾಸಿಗೆ, ಬಕೆಟ್, ಕೆಟಲ್, ಟೇಬಲ್ ಫ್ಯಾನ್, ಓದು ಮೇಜು. ಬಹಳಷ್ಟಕ್ಕೆ ಇನ್ನೂ ಆಯಸ್ಸಿದೆ. ಅವನ್ನು ಕೊಳ್ಳಬೇಕಾದವರೂ ಅದೇ ಊರಿನಲ್ಲೇ ಇದ್ದಾರೆ: ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದು ಬಾಡಿಗೆ ಕೋಣೆಯಲ್ಲಿರುವ ಕುಟುಂಬಗಳು. ಇಬ್ಬರ ನಡುವೆ ನಿಂತಿರುವವನು ಗುಜರಿಯವನೊಬ್ಬನೇ. ಅವನನ್ನು ನಾನು ದೂರುವುದಿಲ್ಲ. ಜಿಲ್ಲೆಯ ಅತ್ಯಂತ ಹಳೆಯ ಮರುಬಳಕೆ ಜಾಲ ಅವನದೇ, ಸರಕಾರದ ಒಂದು ರೂಪಾಯಿಯೂ ಇಲ್ಲದೆ ನಡೆದದ್ದು. ಹಾಗಿದ್ದೂ ಎಂಆರ್‌ಎಫ್ ಯೋಜಿಸುವಾಗ ಗುಜರಿ ಅಂಗಡಿಗಳನ್ನು ಪ್ರತಿಸ್ಪರ್ಧಿಗಳಂತೆ ಕಂಡದ್ದು ದೊಡ್ಡ ದಡ್ಡತನ ಎಂದೇ ನನ್ನ ಅಭಿಪ್ರಾಯ.

2023ರ ಮೇ 20ರಿಂದ ದೇಶದ ನಗರಗಳಲ್ಲಿ ಆರ್‌ಆರ್‌ಆರ್ (ರೆಡ್ಯೂಸ್, ರಿಯೂಸ್, ರಿಸೈಕಲ್) ಕೇಂದ್ರ ತೆರೆಯುವ ಅಭಿಯಾನ ನಡೆಯಿತು. ಹಳೆ ಬಟ್ಟೆ, ಪುಸ್ತಕ, ಆಟಿಕೆ ತಂದು ಕೊಡಿ, ಬೇಕಾದವರು ಒಯ್ಯಲಿ ಎಂಬ ಆಶಯ. ಆಶಯ ಚೆನ್ನಾಗಿತ್ತು, ವಿನ್ಯಾಸದಲ್ಲಿ ದಾನದ ಗುಣ ಹೆಚ್ಚಿತ್ತು. ದಾನದ ಬುಟ್ಟಿಗೆ ನಾವು ಹಾಕುವುದು ನಮಗೆ ಬೇಡವಾದದ್ದನ್ನು, ಇನ್ನೊಬ್ಬರಿಗೆ ಬೇಕಾದದ್ದನ್ನಲ್ಲ. ದುರಸ್ತಿ ಮಾಡುವ ಕೈಗೆ ಅಲ್ಲಿ ಸಂಬಳವಿಲ್ಲ. ಬಡವರಿಗೆ ಹಳೆಯದನ್ನು ಪುಕ್ಕಟೆ ಕೊಡುವುದಕ್ಕೂ ಸರಿಪಡಿಸಿದ ಮಾಲನ್ನು ನ್ಯಾಯವಾದ ದರಕ್ಕೆ ಮಾರುವುದಕ್ಕೂ ಅಂತರವಿದೆ. ಎರಡನೆಯದರಲ್ಲಿ ಕೊಳ್ಳುವವನು ಚೌಕಾಸಿ ಮಾಡಬಹುದು, ಬೇಡ ಎನ್ನಬಹುದು.

ವಿಚಿತ್ರವೆಂದರೆ ಭಾರಿ ಪ್ರಮಾಣದ ಮರುಬಳಕೆಯನ್ನು ಮಾಡಿ ತೋರಿಸಿದ ಸಂಸ್ಥೆಯೂ ಮಣಿಪಾಲದಲ್ಲೇ ಇದೆ. ವಿಜಯನಾಥ ಶೆಣೈ ಅವರ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಮರದ ಲೆಕ್ಕದಲ್ಲಿ ಮಾರಾಟವಾಗಿ ಚೂರಾಗಬೇಕಿದ್ದ ಮನೆಗಳನ್ನು ಅವರು ಕಂಬ ಕಂಬಕ್ಕೆ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಮಿಯಾರು ಮನೆ, ಕುಂಜೂರು ಚೌಕಿಮನೆ, ಕುಕನೂರಿನ ಕಮಲ ಮಹಲು, ಬೀದರಿನ ನವಾಬ ಮಹಲು ಎಲ್ಲ ಅಲ್ಲಿವೆ. 2017ರ ಮಾರ್ಚಿನಲ್ಲಿ ಅವರು ತೀರಿಕೊಂಡರು; ಆ ಹಟಕ್ಕೆ ಸಮನಾದದ್ದು ಜಿಲ್ಲೆಯಲ್ಲಿ ಮತ್ತೆ ಹುಟ್ಟಲಿಲ್ಲ. ಭೂಸುಧಾರಣೆಯ ನಂತರ, ಅವಿಭಕ್ತ ಕುಟುಂಬಗಳು ಪಾಲಾದ ಮೇಲೆ, ಸಾಕಲಾಗದೆ ಕೆಡವಿದ ಮನೆಗಳಿಗೆ ಮಾರುಕಟ್ಟೆ ಕಟ್ಟಿದ ಬೆಲೆ ಸೌದೆಯ ಬೆಲೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಶೆಣೈ ಆ ಬೆಲೆಯನ್ನು ಒಪ್ಪಲಿಲ್ಲ. ಬಡಗಿಯ ಕೈಗೆ, ಕೆತ್ತನೆಗೆ, ಸಂದುಕಟ್ಟಿಗೆ ಬೆಲೆ ಇದೆ ಎಂದು ಹಟ ಹಿಡಿದರು. ಅಲ್ಲೂ ನನಗೊಂದು ಕೊರತೆ ಕಾಣುತ್ತದೆ. ಅಂಗಳದಾಚೆ ನಿಂತು ಗೇಣಿ ಅಳೆದವರ ಬಿಡಾರಗಳನ್ನು ಕಂಬ ಕಂಬಕ್ಕೆ ಬಿಚ್ಚಿ ತರುವಂತಿರಲಿಲ್ಲ, ಅವು ಮುಳಿಹುಲ್ಲಿನವು. ಆದರೆ ವಸ್ತುವಿನ ಒಳಗಿರುವ ದುಡಿಮೆಗೆ ಬೆಲೆ ಕಟ್ಟುವ ಆ ಕಣ್ಣು ಒಣಕಸದ ಶೆಡ್ಡಿಗೂ ಬೇಕಿತ್ತು.

ಬೇರೆಡೆ ಇದು ಹೇಗಾಯಿತು ಎಂಬುದು ಗುಟ್ಟೇನಲ್ಲ. ಪುಣೆಯಲ್ಲಿ ಕಸ ಆಯುವವರು 1993ರಲ್ಲಿ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘ ಕಟ್ಟಿದರು. 2008ರ ಹೊತ್ತಿಗೆ ಅವರದೇ ಸಹಕಾರಿ ಸಂಸ್ಥೆಯಾದ ‘ಸ್ವಚ್’ ಅಲ್ಲಿನ ಮಹಾನಗರ ಪಾಲಿಕೆಯೊಂದಿಗೆ ಒಪ್ಪಂದಕ್ಕೆ ಬಂತು. ಅಲ್ಲಿ ಮನೆಶುಲ್ಕವೂ ಅವರದು, ಒಣಕಸ ಮಾರಿದ ಹಣವೂ ಅವರದು. ಬೆಂಗಳೂರಿನಲ್ಲಿ 2011ರಲ್ಲಿ ಪಾಲಿಕೆ ಕಸ ಆಯುವವರಿಗೆ ಗುರುತಿನ ಚೀಟಿ ಕೊಡತೊಡಗಿತು. ಹಸಿರು ದಳ ಎಂಬ ಸಂಸ್ಥೆಯ ಬೆಂಬಲದಿಂದ ಅವರಲ್ಲಿ ಹಲವರು ವಾರ್ಡಿನ ಒಣಕಸ ಕೇಂದ್ರಗಳ ನಿರ್ವಾಹಕರಾದರು. ಎರಡೂ ಕಡೆ ತೊಡಕುಗಳಿವೆ, ಪಾಲಿಕೆ ಬಿಲ್ಲು ತಡಮಾಡುತ್ತದೆ, ಗುತ್ತಿಗೆದಾರರು ಹೊಂಚು ಹಾಕುತ್ತಾರೆ. ಆದರೂ ಕಸ ಎತ್ತಿದವರಿಗೆ ಅದರ ಮೇಲೆ ಒಂದು ಹಕ್ಕಿದೆ ಎಂಬುದು ಅಲ್ಲಿ ಇತ್ಯರ್ಥವಾದ ವಿಷಯ. ನಮ್ಮಲ್ಲಿ ಹೋರಾಟ ಮೊದಲು ಬರಲಿಲ್ಲ, ಯೋಜನೆ ಮೊದಲು ಬಂತು. ಶೆಡ್ಡು, ಗಾಡಿ, ಯಂತ್ರ ಬಂದ ಮೇಲೆ ಕೆಲಸಕ್ಕೆ ಜನ ಹುಡುಕಿದೆವು. ಉಡುಪಿಯ ಒಕ್ಕೂಟಗಳು ಶಿಸ್ತಿನವು, ಲೆಕ್ಕ ಬರೆಯಬಲ್ಲವು, ಬ್ಯಾಂಕಿಗೆ ಹೆದರದವು. ಪಾಲು ಕೇಳುವ ಅಭ್ಯಾಸ ಮಾತ್ರ ಅವುಗಳಿಗೆ ಇನ್ನೂ ಆಗಿಲ್ಲ.

ಕೇಳಬೇಕಾದದ್ದು ಬಹಳವಿಲ್ಲ. ಎಂಆರ್‌ಎಫಿನ ಒಪ್ಪಂದದಲ್ಲಿ ಪಂಚಾಯಿತಿ ಮತ್ತು ನಿರ್ವಾಹಕರ ಜೊತೆ ಒಕ್ಕೂಟವೂ ಸಹಿ ಹಾಕುವ ಪಕ್ಷವಾಗಲಿ. ಮಾರಾಟದ ಲಾಭದಲ್ಲಿ ಗಾಡಿಯ ಮತ್ತು ಮೇಜಿನ ಹೆಂಗಸರಿಗೆ ನಿಗದಿತ ಪಾಲು ಇರಲಿ, ಅದು ಸಂಬಳದ ಮೇಲೆ, ಸಂಬಳದ ಬದಲಿಗೆ ಅಲ್ಲ. ಮಣಿಪಾಲದಲ್ಲೋ ಕಾಪುವಿನಲ್ಲೋ ಒಂದು ದುರಸ್ತಿ ಅಂಗಡಿ, ಒಕ್ಕೂಟದ ಹೆಸರಿನಲ್ಲಿ. ಐಟಿಐ ಓದಿದ ನಾಲ್ಕು ಹುಡುಗ ಹುಡುಗಿಯರು ಸಾಕು ಅದಕ್ಕೆ. ಮತ್ತು ನಿಟ್ಟೆಯಿಂದ ಲಾರಿ ಹೊರಟಾಗಲೆಲ್ಲ ಯಾವ ಮಾಲು, ಎಷ್ಟು ಕಿಲೋ, ಯಾವ ದರ, ಯಾರಿಗೆ ಎಂಬ ಬಿಲ್ಲಿನ ಪ್ರತಿಯನ್ನು ಕಸ ಕಳಿಸಿದ ಪ್ರತಿ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಲಿ. ಗ್ರಾಮಸಭೆಯಲ್ಲಿ ಬೀದಿದೀಪದ ಬಗ್ಗೆ ಗಂಟೆಗಟ್ಟಲೆ ಜಗಳಾಡುವ ಜನ ಆ ಬಿಲ್ಲನ್ನು ಓದದೆ ಬಿಡಲಾರರು, ಓದಿದವರು ಮುಂದಿನ ತಿಂಗಳು ಶುಲ್ಕ ಕೊಡುವಾಗ ಕೇಳುವ ಪ್ರಶ್ನೆಯೂ ಬೇರೆಯೇ ಆಗಿರುತ್ತದೆ.